ಮೊದಲ ಜಿಂಕೆಯ ಪಾಲು

ಅಪ್ಪ,

ಇವತ್ತು ಸೇನೆಯ ತರಬೇತಿ ಕಾಡಿನಲ್ಲಿ ನನ್ನ ಮೊದಲ ಜಿಂಕೆ ಹೊಡೆದೆ. ನಿನ್ನ ಹಾಗೆಯೇ ಅದರ ಪ್ರಾಣಕ್ಕೆ ಕಾಣಿಕೆಯಾಗಿ ನೆಲದ ಮೇಲೆ ಹೊಗೆಸೊಪ್ಪು ಇಟ್ಟೆ.

ಅದಕ್ಕೂ ಮೊದಲು ಸೇನೆಯ ಗೇಟಿನಲ್ಲಿ ಬೇಟೆ ಪರವಾನಗಿಗೆ ಸಾಲಿನಲ್ಲಿ ನಿಂತೆ. ಹೌದು, ನಾನೇ. "ಈ ನೆಲದ ಮೂಲನಿವಾಸಿಗಳು ನಾವು, ಬೇಟೆ ನಮ್ಮ ಒಜಿಬ್ವೆಗಳ ಹಕ್ಕು, ಸರ್ಕಾರದ ಜೊತೆ ಆದ ಒಪ್ಪಂದದಲ್ಲೇ ಇದೆ. ಸಿಪಾಯಿ ಮುಂದೆ ಯಾಕಪ್ಪ ಕೈಕಟ್ಟಿ ನಿಲ್ತೀಯ?" ಎಂದು ಕರಪತ್ರ ಬೀಸಿ, ನಿನ್ನೊಡನೆ ಬರಲೊಲ್ಲೆ ಎಂದವಳು.

"ಕರಪತ್ರ ಕುದಿಸಿದ್ರೆ ಸಾರಾಗಲ್ಲ ಮಗಳೇ" ಎಂದು ನಕ್ಕು, ಬೇಟೆಗಾರರ ಕಿತ್ತಳೆ ಬಣ್ಣದ ಟೋಪಿ ತೊಟ್ಟು ನೀನು ಒಬ್ಬನೇ ಹೋಗುತ್ತಿದ್ದೆ. ಈಗಲೂ ನಾನು ಹೇಳಿದ್ದೇ ಸರಿ. ಆದರೆ ನೀನು ತೀರಿಕೊಂಡ ಮೇಲೆ ಅರ್ಲೀನ್ ಅತ್ತೆಯ ಒಲೆಯ ಮೇಲೆ ಜಿಂಕೆ ಸಾರು ಕುದಿದಿರಲಿಲ್ಲ.

"ಇಷ್ಟು ವರ್ಷ ಎಲ್ಲಿದ್ಯೇ, ಮಾತಿನಮಲ್ಲಿ?" ಎಂದಳು ಅತ್ತೆ, ಮಾಂಸದ ಪೊಟ್ಟಣ ತೆಗೆದುಕೊಳ್ಳುತ್ತ.

ನಮ್ಮಲ್ಲಿ ಮೊದಲ ಬೇಟೆಯನ್ನು ಹೊಡೆದವರು ತಿನ್ನುವಂತಿಲ್ಲವಲ್ಲ. ಎಲ್ಲವನ್ನೂ ಹಿರಿಯರಿಗೆ ಹಂಚಿದೆ. ಒಂದು ಪೊಟ್ಟಣ ಉಳಿಯಿತು. ಪೊಟ್ಟಣಗಳ ಮೇಲೆ ಹಿರಿಯರ ಹೆಸರು ಬರೆಯುವಾಗ ಮೊದಲನೆಯದರ ಮೇಲೆ ನಿನ್ನ ಹೆಸರನ್ನೇ ಬರೆದಿದ್ದೆ.