ಬಂಡೆಯ ಮೇಲೆ ಚೆಲ್ಲಿದ ಚರಗ

ದಾಂಡೇಲಿ
೨ ಜನವರಿ ೨೦೨೫, ಗುರುವಾರ

ಲೇ ಸುಭಾಸಾ, ಮೊದಲು ನನ್ನ ಬೈಗುಳ ತಿನ್ನು, ಆಮೇಲೆ ಮುಂದೆ ಓದು. ದೀಪಾವಳಿಯಿಂದ ನಿನ್ನ ಫೋನು ಬಂದ್ ಇದೆ. ಹೆತ್ತವಳಿಗೆ ಎರಡು ಸಾಲು ಗೀಚಲಾರದಂತೆ ನಿನ್ನ ಬೆರಳು ಯಾವ ಮೀನಿನ ಬಾಯಲ್ಲಿ ಸಿಕ್ಕಿದೆ? ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಾನೇ ಕನ್ನಡಕ ಏರಿಸಿಕೊಂಡು ಬರೆಯುತ್ತಿದ್ದೇನೆ. ಹತ್ತನೇ ಪಾಸಾದ ನಿನಗೇನು ಧಾಡಿ?

ಆರಾಮ ಇದ್ದೀಯಾ, ಮಗನೇ? ಪ್ರತಿ ಪತ್ರದಲ್ಲೂ ರೂಢಿಗೆ ಕೇಳುವ ಮಾತಿದು. ಈ ಸಲ ಉತ್ತರ ಬೇಕೆಂದೇ ಕೇಳುತ್ತಿದ್ದೇನೆ. ಮಲ್ಪೆಯಲ್ಲಿ ಬೋಟಿನ ಹಗ್ಗ ಎಳೆದು ಅಂಗೈ ಸೀಳಿದೆ ಎಂದಿದ್ದೆ; ಕೊಬ್ಬರಿ ಎಣ್ಣೆ ಹಚ್ಚುತ್ತೀಯೋ ಇಲ್ಲವೋ. ನನ್ನ ಮಂಡಿ ಮೊದಲಿನ ಹಾಗೇ ಇದೆ. ನಿನ್ನಣ್ಣ ಮಲ್ಲೇಶ ಮಿಲ್ಲಿನ ಪಾಳಿ ಮುಗಿಸಿ ಬಂದರೆ ಮಲಗಿದವನು ಮಲಗಿದವನೇ. ವಿದ್ಯಾವತಿ ದಪ್ಪಗಾಗಿದ್ದಾಳೆ, ನಾನು ಹೇಳಿದ್ದಲ್ಲ, ಅವಳ ಕುಪ್ಪಸವೇ ಹೇಳುತ್ತದೆ. ಅವರ ಮಗಳು ಜ್ಯೋತಿ ನಿನ್ನನ್ನು ದಿನಾ ಕೇಳುತ್ತಾಳೆ.

ಮೊನ್ನೆ ಸೋಮವಾರ ಎಳ್ಳಮವಾಸ್ಯೆ ಇತ್ತು. ಹಳಿಯಾಳದ ಹೊಲವನ್ನು ನಿನ್ನ ಕಾಕಾ ಮಾರಿದ ಮೇಲೆ ಇದು ಮೊದಲನೆಯದು. ಭೂಮಿತಾಯಿಗೆ ಎಡೆಯೆಂದು ಚರಗ ಚೆಲ್ಲಲು ನಮಗೆ ಗೇಣು ನೆಲವೂ ಇಲ್ಲ. ಮಲ್ಲೇಶ, "ಸಮುದ್ರಕ್ಕರ ಹೋಗೂಣು ನಡಿ ಬೇ, ಜ್ಯೋತಿ ಒಮ್ಮೆನೂ ನೋಡಿಲ್ಲ" ಎಂದ. ಸಮುದ್ರದ ತಳದಲ್ಲಿ ಇರುವವಳೂ ಭೂಮಿತಾಯಿಯೇ ಅಲ್ಲವೇ ಎಂದುಕೊಂಡು ನಾನು ಯಾರಿಗೂ ಹೇಳದೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಹೋಳಿಗೆ, ಪುಂಡಿಪಲ್ಯ ಬುತ್ತಿ ಕಟ್ಟಿದೆ. ನಿನ್ನ ಗೆಳೆಯ ವಜೀರ ತನ್ನ ಟ್ರ್ಯಾಕ್ಸ್ ತಂದ. ಜೋಯಿಡಾ ದಾಟಿ ಅಣಶಿ ಘಟ್ಟ ಇಳಿಯುವಷ್ಟರಲ್ಲಿ ವಿದ್ಯಾವತಿ ಎರಡು ಸಲ ವಾಂತಿ ಮಾಡಿಕೊಂಡಳು.

ಕಾರವಾರದಾಚೆ ವಜೀರ ನಿಲ್ಲಿಸಿದ ಜಾಗದಲ್ಲಿ ಮರಳೇ ಇರಲಿಲ್ಲ. ಮಲಗಿದ ಎಮ್ಮೆಗಳ ಹಾಗೆ ಕರಿ ಬಂಡೆಗಳು. ಅವುಗಳ ಸಂದಿಯಲ್ಲಿ ನೀರು ಒಳಗೆ ಹೋಗುವಾಗ ಉಸಿರು ಎಳೆದಂತೆ, ಹೊರಗೆ ಬರುವಾಗ ಉಸಿರು ಬಿಟ್ಟಂತೆ ಸಪ್ಪಳ. ನೋಡಲು ಚೆಂದ, ಇಲ್ಲ ಎನ್ನುವುದಿಲ್ಲ. ಜ್ಯೋತಿ ಫೋಟೋ ಹೊಡೆದದ್ದೇ ಹೊಡೆದದ್ದು. ಮಟಮಟ ಮಧ್ಯಾಹ್ನ, ನಮ್ಮನ್ನು ಬಿಟ್ಟರೆ ನರಪಿಳ್ಳೆ ಇಲ್ಲ. ನಾನು ಸೆರಗು ಕಟ್ಟಿ, ಬುಟ್ಟಿ ಹಿಡಿದು, ಬಂಡೆ ಹತ್ತಿ ಚರಗ ಚೆಲ್ಲತೊಡಗಿದೆ. ನಿನಗೆ ನೆನಪಿರಬೇಕು. ಚೆಲ್ಲುವವರು ಮುಂದೆ ನಡೆಯುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು, ತಂಬಿಗೆಯ ನೀರು ಚಿಮುಕಿಸುತ್ತ ಬರುವವರು ಹಿಂದಿನಿಂದ "ಸಲಾಂಬ್ರಿಗೋ" ಎನ್ನಬೇಕು. ಮುಂದಿನವರು ತಿರುಗಿ ನೋಡಬಾರದು ಎಂಬುದು ನಿಮ್ಮಪ್ಪನ ಕಟ್ಟಪ್ಪಣೆ. ತಂಬಿಗೆ ಯಾವಾಗಲೂ ನಿನ್ನ ಕೈಯಲ್ಲಿ. "ಸಲಾಂಬ್ರಿಗೋ" ಎಂದ ಕೂಡಲೇ, "ನನ್ನ ಪಾಲು ಎಲ್ಲೈತಿ ಬೇ ಯವ್ವಾ?" ಎಂದು ಬಾಲ ಸೇರಿಸಿ ಅಪ್ಪನಿಂದ ಬೆನ್ನಿಗೆ ಗುದ್ದು ತಿನ್ನುತ್ತಿದ್ದೆ.

ಈ ಸಲ ನನ್ನ ಹಿಂದೆ ಯಾರೂ ಇರಲಿಲ್ಲ. ಆದರೂ ಅಭ್ಯಾಸಬಲ, "ಹುಲ್ಲುಲ್ಲಿಗೋ" ಎಂದೆ. ನೀರು ಸಂದಿಯೊಳಗೆ ಹೋಯಿತು, ಹೊರಗೆ ಬಂತು.

"ಸಲಾಂಬ್ರಿಗೋ. ನನ್ನ ಪಾಲು ಎಲ್ಲೈತಿ ಬೇ ಯವ್ವಾ?"

ನಾನು ತಿರುಗಲಿಲ್ಲ. ರೂಢಿ ಮುರಿಯಬಾರದೆಂದಲ್ಲ, ಕುತ್ತಿಗೆಯೇ ತಿರುಗಲಿಲ್ಲ. ಮುದುಕಿಗೆ ಬಿಸಿಲು ತಲೆಗೇರಿತು ಎಂದು ನಗಬೇಡ. ದೂರದಲ್ಲಿ ಗಾಡಿಯ ಹತ್ತಿರ ಟೈರಿಗೆ ನೀರು ಹೊಡೆಯುತ್ತಿದ್ದ ವಜೀರ ಬರಿಗಾಲಲ್ಲೇ ಓಡಿ ಬಂದ. "ಆಯೀ, ಸುಭಾಸ ಯಾವಾಗ ಬಂದಾನ್ರಿ? ಹೇಳೇ ಇಲ್ಲಲ್ರಿ ನನಗ!" ಎಂದು ನಗುತ್ತ ಬಂಡೆಗಳ ಹಿಂದೆಲ್ಲ ಹುಡುಕಿದ. ತಿರುಗಿ ಬಂದಾಗ ನಗು ಇರಲಿಲ್ಲ. ಚೆಲ್ಲಿದ್ದನ್ನು ಒಂದು ಕಾಗೆಯೂ ಮುಟ್ಟಲಿಲ್ಲ. ನಿನ್ನ ಹೆಸರಿಗೆ ಬೇರೆ ಇಟ್ಟಿದ್ದ ರೊಟ್ಟಿ ನನ್ನ ಮಡಿಲಲ್ಲಿತ್ತು. ಒಂದೇ ಒಂದು ಕಾಗೆ ಎದುರು ಬಂದು ಕೂತು ಅದನ್ನೇ ನೋಡುತ್ತಿತ್ತು. "ಹೋಗತ್ತ, ಇದು ಬದುಕಿದಾವನ ಪಾಲು" ಎಂದು ಕಲ್ಲು ಬೀಸಿದೆ. ಅದು ಕದಲಲಿಲ್ಲ. ನಾವೇ ಎದ್ದು ಬಂದೆವು.

ಎಲ್ಲಿದ್ದರೂ ನಿನ್ನ ಕಾಲ ಕೆಳಗೆ ಗಟ್ಟಿ ನೆಲ ಇರಲಿ. ಜ್ಯೋತಿಯ ನಮಸ್ಕಾರ, ವಜೀರನ ಸಲಾಮು.

ನಿನ್ನ ಅವ್ವ,
ಸತ್ತೆವ್ವ

ತಾ.ಕ.: ಮಲ್ಪೆಗೆ ಹೋಗಿ ನೋಡಿ ಬರುತ್ತೇನೆ ಎಂದು ಮಲ್ಲೇಶ ಎರಡು ಸಲ ಚೀಲ ತುಂಬಿದ. ಎರಡು ಸಲವೂ ನಾನೇ ಕಸಿದಿಟ್ಟೆ. ಅವನು ಏನು ಸುದ್ದಿ ತರುತ್ತಾನೋ ಎಂಬ ಹೆದರಿಕೆ. ಅದಕ್ಕೇ ಬೋಟಿನ ಮಾಲಕರ ವಿಳಾಸಕ್ಕೆ ಇದನ್ನು ಹಾಕುತ್ತಿದ್ದೇನೆ. ನಿನ್ನ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಕಟಕ ರೊಟ್ಟಿ, ತಿಂಗಳು ಕೆಡುವುದಿಲ್ಲ. ಆ ಬಂಡೆಯ ಹಿಂದೆ ಅಡಗಿದ್ದವನು ನೀನೇ ಆಗಿದ್ದರೆ ಕೆನ್ನೆಗೆ ಎರಡು ಕೊಟ್ಟು ಆಮೇಲೆ ರೊಟ್ಟಿ ಕೊಡುತ್ತೇನೆ. ಅಲ್ಲವಾದರೆ ಬರುವ ಅಮಾವಾಸ್ಯೆಗೆ ಅದನ್ನು ನೀರಿಗೆ ಚೆಲ್ಲು ಎನ್ನುತ್ತಾರೆ ಇವರೆಲ್ಲ. ನನ್ನ ಕೈಯಿಂದ ಅದಾಗದು. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರಿ. ಬೇರೆಯವರ ಕೈಯಲ್ಲಿ ಬರೆಸಬೇಡ, ನೀನೇ ಬರಿ.