ಅಂಗೈ ಹೇಳಿದ ತೂಕ

ಮನೆಯಿಂದ,
ಹತ್ತೊಂಬತ್ತನೇ ತಾರೀಖು, ಮಂಗಳವಾರ
(ಬರೆಯಲು ಕೂತದ್ದು ಶನಿವಾರ)

ನನ್ನ ಪ್ರೀತಿಯ ಯಜಮಾನಿಗೆ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಮಗಳ ಮನೆಯ ಮೂರು ಮಹಡಿ ಹತ್ತಿ ಇಳಿದು ಅದು ಹೆಚ್ಚಾಗಿರಲೇಬೇಕು. ನೀನು ಫೋನಿನಲ್ಲಿ 'ಏನಿಲ್ಲ ರೀ, ಚೆನ್ನಾಗಿದ್ದೀನಿ' ಅಂದರೆ ನಂಬುವಷ್ಟು ದಡ್ಡ ನಾನಲ್ಲ. ಮಗಳ ಕಾಲಿನ ಪ್ಲಾಸ್ಟರ್ ಬಿಚ್ಚಿದರೇ? ಅವಳು ಗೋಡೆ ಹಿಡಿಯದೆ ಅಡುಗೆಮನೆಗೆ ಹೋಗಿ ಬರುವ ತನಕ ನೀನು ಅಲ್ಲೇ ಇರು, ಇಲ್ಲಿ ಯಾವ ಅವಸರವೂ ಇಲ್ಲ. ಫೋನಿದ್ದೂ ಇದೇನು ಪತ್ರ ಎನ್ನುತ್ತೀಯೇನೋ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ನಾಲ್ಕು ಪ್ರಶ್ನೆ ಕೇಳುತ್ತೀಯ, ನನಗೆ ಹೇಳಬೇಕಾದ್ದೇ ಮರೆತುಹೋಗುತ್ತದೆ. ಮತ್ತೆ, ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ. ಬರೆಯುವ ಮೇಜು ಮಾರಿಹೋಯಿತು, ರಟ್ಟಿನ ಪೆಟ್ಟಿಗೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಸಾಮಾನಿನ ವಿಷಯಕ್ಕೆ ಬರುತ್ತೇನೆ. ತಿಂಗಳ ಕೊನೆಗೆ ಈ ಮನೆ ಬಿಡಬೇಕು, ಹೊಸ ಮನೆಯ ಎರಡು ಕೋಣೆಯಲ್ಲಿ ಇದರ ಕಾಲುಭಾಗವೂ ಹಿಡಿಸುವುದಿಲ್ಲ. ನೀನು ಹೊರಡುವಾಗ ಬಾಗಿಲಲ್ಲಿ ನಿಂತು, 'ಎಲ್ಲಾ ಗುಜರಿಯವನಿಗೆ ಕೊಟ್ಬಿಡಿ, ತಲೆನೋವು ಬೇಡ' ಎಂದಿದ್ದೆ. ನಾನು ಎದೆಯುಬ್ಬಿಸಿಕೊಂಡು, ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತವನಿಗೆ ಪಾರ್ಸೆಲ್ ಕಳಿಸಲು ಬರುವುದಿಲ್ಲವೇ ಎಂದೆ. ಮಗಳು ನನ್ನ ಫೋನಿಗೆ ಹಳೆ ಸಾಮಾನು ಮಾರುವ ಆ್ಯಪ್ ಹಾಕಿಕೊಟ್ಟಿದ್ದಳಲ್ಲ, ಅದರಲ್ಲೇ ಮಾರಿ ಹೊಸ ಮನೆಯ ಮುಂಗಡಕ್ಕೆ ಹೊಂದಿಸುತ್ತೇನೆ ಎಂದು ಮಾತು ಕೊಟ್ಟೆ. ನಿನ್ನ ಮಾತು ಕೇಳಬೇಕಿತ್ತು.

ಕೊಳ್ಳುವವರು ಎಂಥವರು ಅಂತೀಯ. ಇಪ್ಪತ್ತು ವರ್ಷ ಬಟ್ಟೆ ತಿಕ್ಕಿದ ಇಸ್ತ್ರಿಪೆಟ್ಟಿಗೆಯ ಕೆಳಗೆ ಗೀರು ಇರಬಾರದಂತೆ. ಗಾಜಿನ ಲೋಟಗಳನ್ನು ಕೊಳ್ಳಬೇಕೆಂದವಳೊಬ್ಬಳು ಒಂದೊಂದನ್ನೂ ಬುಡ ಮೇಲೆ ಮಾಡಿ ಫೋಟೋ ಕಳಿಸಿ ಎಂದಳು. ಆರು ಲೋಟಕ್ಕೆ ಹದಿನೆಂಟು ಫೋಟೋ ತೆಗೆದೆ. ಕೊನೆಗೆ ಅಂಚೆ ವೆಚ್ಚ ನೀವೇ ಹಾಕಿಕೊಳ್ಳಿ, ಹೇಗೂ ನಿಮಗೆ ಬೇಡದ ಲೋಟ ತಾನೇ ಎಂದಳು. ನಿಘಂಟು ಕೇಳಿದ ಮೇಷ್ಟ್ರೊಬ್ಬರು ಪುಟಗಳಿಗೆ ಹಳೇ ವಾಸನೆ ಇದೆಯೇ ಎಂದು ಕೇಳಿದರು. ಮೂಸಿ ನೋಡಿ, ಇದೆ ಸ್ವಾಮಿ, ನನಗೂ ಇದೆ ಎಂದು ಬರೆದೆ. ಕೊನೆಗೆ ಅವರೇ ಕೊಂಡರು ಅನ್ನು. ವಸ್ತು ಹಳತಾಗಿರಬೇಕು, ಬೆಲೆ ಹಳತಾಗಿರಬೇಕು, ಆದರೆ ಪೆಟ್ಟಿಗೆ ತೆರೆದಾಗ ಒಳಗಿನದು ಅಂಗಡಿಯಿಂದ ಈಗಷ್ಟೇ ಬಂದ ಹಾಗಿರಬೇಕು. ಅಂಚೆ ವೆಚ್ಚವಂತೂ ಯಾರ ಕಣ್ಣಿಗೂ ಬೀಳಬಾರದು, ಪಾರ್ಸೆಲ್ ತಾನಾಗಿ ನಡೆದುಕೊಂಡು ಅವರ ಬಾಗಿಲಿಗೆ ಹೋಗುತ್ತದೆ ಎಂದುಕೊಂಡಿದ್ದಾರೆ.

ಅದೆಲ್ಲ ಇರಲಿ, ನಕ್ಕು ಸುಮ್ಮನಾಗಬಹುದು. ನನ್ನನ್ನು ಮುಳುಗಿಸಿದ್ದು ಬೇರೆ. ಆ್ಯಪಿನಲ್ಲಿ ಸಾಮಾನು ಹಾಕುವಾಗಲೇ ಅದರ ತೂಕ ಬರೆಯಬೇಕು, ಕೊಳ್ಳುವವರು ಆ ತೂಕದ ಪ್ರಕಾರ ಅಂಚೆ ವೆಚ್ಚವನ್ನು ಮೊದಲೇ ಕಟ್ಟುತ್ತಾರೆ. ಮನೆಗೊಂದು ಚಿಕ್ಕ ತಕ್ಕಡಿ ತನ್ನಿ ಎಂದು ಮಗಳು ಹೇಳಿದ್ದಳು. ನನಗೆ ತಕ್ಕಡಿಯೇ? ಕಚೇರಿಯಲ್ಲಿ ಎಲ್ಲರೂ ನನ್ನನ್ನು 'ತಕ್ಕಡಿ' ಎಂದೇ ಕರೆಯುತ್ತಿದ್ದದ್ದು ಅವಳಿಗೆ ಮರೆತಿರಬೇಕು. ಪಾರ್ಸೆಲ್ ಅಂಗೈಯಲ್ಲಿ ಎತ್ತಿ ತೂಕ ಹೇಳಿದರೆ ಯಂತ್ರ ನನ್ನ ಹಿಂದೆ ಬರುತ್ತಿತ್ತು. ನೀನು ತಂದ ಸಕ್ಕರೆ ಪೊಟ್ಟಣ ಎತ್ತಿ ನೋಡಿ ಮೂವತ್ತು ಗ್ರಾಂ ಕಡಿಮೆ ಇದೆ ಎಂದು ಅಂಗಡಿಗೆ ವಾಪಸ್ಸು ಹೋಗಿ ಜಗಳವಾಡಿದ್ದೆನಲ್ಲ, ನೀನು ನಾಚಿಕೆಯಿಂದ ಎರಡು ತಿಂಗಳು ಆ ಬೀದಿಗೇ ಹೋಗಲಿಲ್ಲ. ಮಗಳು ಹುಟ್ಟಿದಾಗ ನರ್ಸಮ್ಮ ತೂಗುವ ಮೊದಲೇ ಎರಡು ಕಿಲೋ ಎಂಟುನೂರು ಎಂದೆ, ಹಾಗೇ ಬಂತು. 'ನಿಮ್ಮ ಕೈಗೊಂದು ಕಣ್ಣಿದೆ ಕಣ್ರೀ' ಎಂದು ನೀನು ಮಂಚದ ಮೇಲಿಂದಲೇ ನಕ್ಕಿದ್ದೆ. ಆ ನೆನಪಿನ ಮೇಲೇ ಈಗಲೂ ಎಲ್ಲ ಸಾಮಾನನ್ನೂ ಬಲಗೈಯಲ್ಲಿ ಎತ್ತಿ ತೂಕ ಬರೆದೆ.

ನನ್ನ ಹಳೆಯ ಕೌಂಟರಿನಲ್ಲಿ ಈಗ ಕೂರುವವಳು ನನ್ನ ಕೈಕೆಳಗೇ ಕೆಲಸ ಕಲಿತವಳು, ಅವಳಿಗೂ ಕನ್ನಡಕ ಬಂದಿದೆ. ಇಸ್ತ್ರಿಪೆಟ್ಟಿಗೆ ತೂಗಿ, 'ಸಾರ್, ಇದು ಎರಡು ಕಿಲೋ ಅಲ್ಲ, ಒಂದೂಕಾಲು' ಎಂದಳು. ನಿನ್ನ ಯಂತ್ರ ಕೆಟ್ಟಿದೆ ಎಂದೆ. ಮಾರನೆಯ ದಿನ ನಿಘಂಟು, ಅದೂ ಕಡಿಮೆ ತೋರಿಸಿತು. ರೇಡಿಯೋ ಒಯ್ದ ದಿನವೂ ಹಾಗೇ ಆಗಿ ನನಗೆ ರೇಗಿಹೋಯಿತು. ಕೊಂಡವನು ಎಷ್ಟು ತೂಕಕ್ಕೆ ಕಟ್ಟಿದ್ದಾನೋ ಅಷ್ಟಕ್ಕೂ ಅಂಚೆಚೀಟಿ ಕೊಡು, ಪರರ ಕಾಸು ನನಗೆ ಬೇಡ ಎಂದು ಪಟ್ಟು ಹಿಡಿದು, ಪೆಟ್ಟಿಗೆಯ ಮೈತುಂಬ ಚೀಟಿ ಅಂಟಿಸಿದೆ. ಅವಳು ಕನ್ನಡಕ ತೆಗೆದು ನನ್ನನ್ನೇ ನೋಡಿ, 'ಚೀಟಿ ಜಾಸ್ತಿ ಹಚ್ಚಿದ್ರೆ ಪಾರ್ಸೆಲ್ ಬೇಗ ಹೋಗಲ್ಲ ಅಂತ ನಂಗೆ ಹೇಳಿಕೊಟ್ಟೋರು ನೀವೇ ಅಲ್ವಾ ಸಾರ್' ಎಂದಳು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ನಾನು ರಸೀದಿ ಇಸಿದುಕೊಂಡು ಬಂದೆ.

ನಾಲ್ಕು ದಿನಕ್ಕೆ ರೇಡಿಯೋ ಕೊಂಡವನ ಸಂದೇಶ ಬಂತು. ಅವನ ಮನೆಯಲ್ಲಿ ತಕ್ಕಡಿ ಇದೆಯಂತೆ, ತೂಗಿ ಫೋಟೋ ಕಳಿಸಿದ್ದ. 'ನಿಮ್ಮ ಮೊಂಡುತನಕ್ಕೆ ನಾನ್ಯಾಕೆ ದುಡ್ಡು ಕೊಡಲಿ? ವಯಸ್ಸಾದೋರು ತೂಕದಲ್ಲಿ ಮೋಸ ಮಾಡಬಾರದು' ಎಂದು ಬರೆದಿದ್ದ. ಮೋಸ ಎಂಬ ಮಾತು ನನ್ನ ಜನ್ಮದಲ್ಲಿ ನನಗೆ ಯಾರೂ ಹೇಳಿರಲಿಲ್ಲ ಕಣೇ. ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದ ಹಾಗೆ ಒಂದು ಉದ್ದದ ಉತ್ತರ ಬರೆದೆ, ಕಳಿಸಲಿಲ್ಲ, ಅಳಿಸಿದೆ. ಆಮೇಲೆ ಆ ಹೆಚ್ಚಿನ ಹಣವನ್ನು ಕೈಯಿಂದಲೇ ವಾಪಸ್ಸು ಕಳಿಸಿದೆ. ಚೀಟಿಗೆ ಹೋದದ್ದು ಹೋಯಿತು, ಇದೂ ಹೋಯಿತು. ಅವನು ಆ್ಯಪಿನಲ್ಲಿ ಹಾಕಿದ ದೂರು ನೋಡಿ ನಿಘಂಟು ಕೊಂಡವರೂ ಇಸ್ತ್ರಿಪೆಟ್ಟಿಗೆ ಕೊಂಡವಳೂ ದೂರು ಕೊಟ್ಟರು. ಮೂರು ದೂರಾದರೆ ಆ್ಯಪಿನವರು ಮಾರುವುದನ್ನೇ ನಿಲ್ಲಿಸುತ್ತಾರಂತೆ, ಶುಕ್ರವಾರ ನನ್ನ ಖಾತೆ ಮುಚ್ಚಿದರು. ನನ್ನ ಫೋಟೋ ಪಕ್ಕದಲ್ಲಿ ಈಗ ಒಂದೇ ಒಂದು ನಕ್ಷತ್ರ ಇದೆ.

ಮುಂಗಡಕ್ಕೆ ಅರ್ಧವೂ ಹೊಂದಿಲ್ಲ. ಮೊನ್ನೆಯಿಂದ ಏನೂ ಮಾಡಲು ತೋಚದೆ ನಡುಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದೇನೆ. ಗೋಡೆಯಲ್ಲಿ ಗಡಿಯಾರವಿದ್ದ ಜಾಗ ಬೆಳ್ಳಗೆ ಕಾಣುತ್ತದೆ, ಟೈಮು ನೋಡಲು ಈಗಲೂ ಅಲ್ಲಿಗೇ ತಲೆ ಎತ್ತುತ್ತೇನೆ. ಉಳಿದ ಸಾಮಾನಿಗೆ ಗುಜರಿಯವನನ್ನೇ ಕರೆದಿದ್ದೇನೆ, ಕೊನೆಗೂ ನೀನೇ ಗೆದ್ದೆ ಬಿಡು. ನಿನ್ನ ಹೊಲಿಗೆ ಯಂತ್ರ ಮಾತ್ರ ಮುಟ್ಟಿಲ್ಲ. ನಿವೃತ್ತಿಯ ದಿನ ಕಚೇರಿಯವರು ಕೊಟ್ಟ ಆ ಹಿತ್ತಾಳೆಯ ಒಂದು ಕಿಲೋ ತೂಕದ ಬಟ್ಟನ್ನೂ ಇಟ್ಟುಕೊಂಡಿದ್ದೇನೆ. ನೀನು ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆ, ಬಟ್ಟೆ ಒಗೆಯುವವಳು ಬರುತ್ತಾಳೆ, ಮಗಳಿಗೆ ಪೂರ್ತಿ ಗುಣವಾಗಲಿ, ನೀನು ನಿಧಾನವಾಗಿ ಬಾ, ಅವಸರವಿಲ್ಲ.

ಮಗಳಿಗೆ ನನ್ನ ಆಶೀರ್ವಾದ ಹೇಳು, ಅಳಿಯಂದಿರನ್ನು ಕೇಳಿದೆನೆಂದು ತಿಳಿಸು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ, ನಾನು ಇಲ್ಲಿಂದ ನೋಡುತ್ತಿರುತ್ತೇನೆ.

ಇತಿ ನಿನ್ನ
ತಕ್ಕಡಿ

ಮರೆತದ್ದು: ಮರೆತದ್ದಲ್ಲ, ಬಚ್ಚಿಟ್ಟದ್ದು. ಬರೆಯುವ ಮೇಜು ಮಾರಿಲ್ಲ, ಅದರ ಮುಂದೆಯೇ ಕೂತಿದ್ದೇನೆ. ಇದು ಎಡಗೈ ಬರಹ, ಅದಕ್ಕೇ ನಾಲ್ಕು ದಿನ ಹಿಡಿಯಿತು. ಖಾತೆ ಮುಚ್ಚಿದ ದಿನ ಆ ಹಿತ್ತಾಳೆಯ ಬಟ್ಟನ್ನು ಎಡಗೈಯಲ್ಲಿ ಹಿಡಿದೆ, ಒಂದು ಕಿಲೋ. ಬಲಗೈಗೆ ಬದಲಾಯಿಸಿದೆ, ಎರಡು ಕಿಲೋದಷ್ಟು ಭಾರವಾಯಿತು, ನೋಡುತ್ತಿದ್ದಂತೆ ಕೈಜಾರಿ ನೆಲಕ್ಕೆ ಬಿತ್ತು. ಯಂತ್ರ ಸರಿಯಾಗಿದೆ ಕಣೇ, ರೇಡಿಯೋದವನೂ ಸರಿ. ಶನಿವಾರ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ ಬಂದೆ. ನರದ ಕಾಯಿಲೆಯಂತೆ, ಕೈಯ ಬಲ ಸೋರಿಹೋಗುತ್ತಿದೆಯಂತೆ, ಬಲ ಹೋದ ಕೈಗೆ ಎಲ್ಲವೂ ಭಾರವೇ ಅನ್ನಿಸುತ್ತದಂತೆ. ಎಡಗೈಗೂ ಬರಬಹುದು ಎಂದರು. ಗುಣವಾಗುತ್ತದೆ ಎಂದು ಅವರು ಹೇಳಲಿಲ್ಲ. ಅಂಗಿಯ ಗುಂಡಿ ಹಾಕಲಾಗದೆ ಇವತ್ತು ಬೆಳಿಗ್ಗೆ ಅತ್ತುಬಿಟ್ಟೆ. ಮೇಲೆ ಅವಸರವಿಲ್ಲ ಎಂದು ಎಲ್ಲೆಲ್ಲಿ ಬರೆದಿದ್ದೇನೋ ಅದನ್ನೆಲ್ಲ ಹೊಡೆದುಹಾಕಿಕೋ. ಮಗಳಿಗೆ ಏನಾದರೂ ಒಂದು ಏರ್ಪಾಡು ಮಾಡಿ ಬಾ. ಈ ಲಕೋಟೆಯನ್ನೂ ಎತ್ತಿ ನೋಡಿದೆ, ಎಷ್ಟು ಚೀಟಿ ಬೇಕೆಂದು ಕೈ ಹೇಳಲಿಲ್ಲ. ಹೆಚ್ಚು ಅಂಟಿಸಿದರೆ ಬೇಗ ಹೋಗುವುದಿಲ್ಲ ಎಂದು ಕೌಂಟರಿನವಳಿಗೆ ಕಲಿಸಿದವನು ನಾನೇ. ಆದರೂ ಮನೆಯಲ್ಲಿದ್ದ ಚೀಟಿಯನ್ನೆಲ್ಲ ಅಂಟಿಸಿದ್ದೇನೆ.