ಪಾತ್ರೆ ಸೋಪು ಕಾರಿಗಲ್ಲ

ಅನು ಅಪ್ಪನಿಗೆ,

ನಾನು ಚಾಮರಾಜಪುರಂಗೆ, ತಂಗಿ ಮನೆಗೆ ಹೋಗಿದ್ದೇನೆ. ಉಪ್ಪಿಟ್ಟು ಮುಚ್ಚಿಟ್ಟಿದೆ. ತಿಂದ ಮೇಲೆಯೇ ಕಾರಿನ ಹತ್ತಿರ ಹೋಗಿ.

ಹೋದ ವಾರ ಪಾತ್ರೆ ಸೋಪು, ತೆಂಗಿನ ನಾರು ಹಿಡಿದು ಕಾರನ್ನು ಎತ್ತಿನ ಮೈ ತಿಕ್ಕಿದ ಹಾಗೆ ತಿಕ್ಕಿದಿರಿ. ಬಣ್ಣದ ಹೊಳಪು ಉಳಿಯಲಿ ಎಂದು ಅನು ಹಾಕಿಸಿದ್ದ ವ್ಯಾಕ್ಸ್ ಅರ್ಧ ಹೋಯಿತು. "ಇನ್ಮೇಲೆ ಅಪ್ಪ ಕಾರು ಮುಟ್ಟೋದು ಬೇಡ ಕಣಮ್ಮ, ವಾಟರ್ ಸರ್ವಿಸ್‌ಗೆ ಕೊಟ್ಬುಡ್ತೀನಿ" ಅಂದಳು. ಇನ್ನೊಂದು ಸಲ ನೋಡು ಎಂದು ಒಪ್ಪಿಸಿದ್ದೇನೆ. ಭಾನುವಾರದ ಆ ಕೆಲಸವೂ ತಪ್ಪಿದರೆ ನೀವು ಅಡುಗೆಮನೆಗೆ ಬಂದು ಕೂರುತ್ತೀರಿ.

ಕಾರಿಗೆಂದೇ ತಂದ ಹೊಸ ಸೋಪು ನೀಲಿ ಬಾಟಲಿಯಲ್ಲಿ ಬಚ್ಚಲಲ್ಲಿದೆ. ಅಂಗಡಿಯವನು ದುಬಾರಿಯದನ್ನು ತೋರಿಸಿದ. ಅದರ ಮೇಲೂ ಅಗ್ಗದ್ದರ ಮೇಲೂ ಬರೆದದ್ದನ್ನು ನಿಂತುಕೊಂಡೇ ಓದಿದೆ. ವ್ಯಾಕ್ಸ್ ಹೋಗುವುದಿಲ್ಲ ಎಂದು ಎರಡರಲ್ಲೂ ಇತ್ತು, ಅಗ್ಗದ್ದನ್ನೇ ತಂದೆ. ಅರ್ಧ ಬಕೆಟ್ ನೀರಿಗೆ ಒಂದು ಮುಚ್ಚಳ ಸಾಕು. ನೊರೆ ಸಾಲದು ಅನ್ನಿಸುತ್ತದೆ, ಅನ್ನಿಸಲಿ. ನನ್ನ ಹಳೇ ಹತ್ತಿ ಸೀರೆಯ ತುಂಡು ಇಟ್ಟಿದ್ದೇನೆ. ನಾರನ್ನು ಹುಡುಕಬೇಡಿ, ಅದು ನನ್ನ ಬ್ಯಾಗಿನಲ್ಲಿದೆ.

ತೊಳೆದ ಮೇಲೆ ಬಾನೆಟ್ ಮೇಲೆ ಒಂದು ಚೊಂಬು ನೀರು ಹಾಕಿ. ಕೆಸುವಿನೆಲೆಯ ಮೇಲೆ ನಿಂತ ಹಾಗೆ ಹನಿಹನಿಯಾಗಿ ನಿಂತರೆ ವ್ಯಾಕ್ಸ್ ಉಳಿದಿದೆ ಎಂದು ಅರ್ಥ, ಅನುವನ್ನು ಎಬ್ಬಿಸಿ ತೋರಿಸಿ. ನಿಲ್ಲದಿದ್ದರೆ ಅವಳು ಏಳುವುದರೊಳಗೆ ಒರೆಸಿಬಿಡಿ.